ಪರದೆಯ ಈಚೆ ಬಂದ ಕೈ

ಹೋದ ತಿಂಗಳು ಔರಾದ ಕಡೆಯಿಂದ ಫೋನ್ ಬಂತು. ಮಾತಾಡಿದವಳು ನಮ್ಮ ಹಳೆಯ ಪ್ರಯೋಗಾಲಯದ ಅಟೆಂಡರ್ ಕಾಕಾನ ಮಗಳು.

"ಮೇಡಂರಿ, ಅಪ್ಪ ಹೋಗಿಬಿಟ್ರರಿ. ಹನ್ನೆರಡ ದಿನ ಆತು. ಮುಂಜಾನಿ ಕುರಿ ಬಿಡ್ಲಕ ಎದ್ದಿದ್ರು, ಎದಿ ಹಿಡ್ಕೊಂಡು ಅಲ್ಲೇ ಕುಂತ್ರು."

ಅವಳೇ ಮುಂದುವರಿಸಿದಳು. "ಒಂದ ಕೆಲಸ ಇತ್ತರಿ. ಅಪ್ಪ ಬಿಳಿ ಕೋಟ ಹಾಕ್ಕೊಂಡಿದ್ದು ಒಂದ ಫೋಟೊ ಬೇಕಿತ್ತು. ನಾನೂ ಬೀದರದಾಗ ಕೋಟ ಹಾಕ್ತಿದ್ದೆ ಅಂತ ಊರ ತುಂಬ ಹೇಳ್ಕೋತ ತಿರಗ್ತಿದ್ರು. ಯಾರೂ ನಂಬ್ತಿದ್ದಿಲ್ಲ. ನಿಮ್ಮ ಹತ್ರ ಇರಬೇಕು ಅಲ್ರೀ?"

ಇದ್ದೇ ಇರುತ್ತದೆ, ಕಳಿಸುತ್ತೇನೆ ಎಂದೆ. ಇಲ್ಲದೆ ಏನು? ಎರಡು ವರ್ಷ ಆ ಮನುಷ್ಯನ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೇನೆ, ನೂರಾರು ಫೋಟೊ ತೆಗೆದಿದ್ದೇನೆ. ಅಂದು ಸಂಜೆ ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ತೆಗೆದು ಒಂದೊಂದೇ ಫೋಟೊ ನೋಡುತ್ತಾ ಹೋದೆ. ಎಲ್ಲದರಲ್ಲೂ ಕಾಕಾ ಇದ್ದರು. ಅವರ ಹೆಬ್ಬೆರಳು, ತೋರುಬೆರಳು, ಆ ಬೆರಳುಗಳ ನಡುವೆ ಒಂದು ಇಲಿಯ ಕಾಲು. ಅಷ್ಟೇ. ಒಂದರಲ್ಲೂ ಮುಖವಿಲ್ಲ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆಯಬೇಕಾಗಿದ್ದ ಜಾಗ ಬೇರೆ ಇತ್ತು, ಅಲ್ಲಿ ಬರೆಯಲಿಲ್ಲ. ನನ್ನ ಪಿಎಚ್‌ಡಿ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್ ಇದ್ದಾರೆ, ಸಹಪಾಠಿಗಳಿದ್ದಾರೆ, ಟೈಪ್ ಮಾಡಿಕೊಟ್ಟವರೂ ಇದ್ದಾರೆ. ಕಾಕಾನ ಪಾಲಿಗೆ "ಅನಿಮಲ್ ಹೌಸ್ ಸಿಬ್ಬಂದಿಗೆ" ಎಂಬ ಮೂರು ಪದಗಳಷ್ಟೇ ಬಂದಿವೆ. ಆ ಸಿಬ್ಬಂದಿ ಅಂದರೆ ಅವರೊಬ್ಬರೇ.

ಬೀದರದ ಹೊರಗೆ ಇದ್ದ ಆ ಪ್ರಯೋಗಾಲಯಕ್ಕೆ ನಾನು ಮೈಲೂರಿನ ನಮ್ಮ ಮನೆಯಿಂದ ಸ್ಕೂಟಿಯಲ್ಲಿ ಹೋಗುತ್ತಿದ್ದೆ. ಸೇರಿದ ಮೊದಲ ದಿನವೇ ಇಲಿ ಹಿಡಿಯಲು ಹೋಗಿ ಹೆದರಿ ಕೈ ಹಿಂದಕ್ಕೆಳೆದುಕೊಂಡೆ. ಮೂಲೆಯಲ್ಲಿ ಪಂಜರ ತೊಳೆಯುತ್ತಿದ್ದ ಐವತ್ತರ ಆಸುಪಾಸಿನ, ಸಣಕಲು ಮೈಯ ಒಬ್ಬರು ಕೈ ಒರೆಸಿಕೊಂಡು ಬಂದರು.

"ನಿಮ್ಮ ಹೆದರಿಕಿ ಅದಕ್ಕ ಗೊತ್ತಾಗ್ತದರಿ, ಡಾಕ್ಟರಬಾಯಿ. ಮೊದಲ ನೀವು ಉಸರ ಬಿಡ್ರಿ. ಆಮ್ಯಾಲ ಅದೂ ಬಿಡ್ತದ."

ನಾನು ಉಸಿರು ಬಿಟ್ಟೆ. ಇಲಿ ಅವರ ಅಂಗೈಯಲ್ಲಿ ಸುಮ್ಮನೆ ಕುಳಿತಿತ್ತು. ಅಂದಿನಿಂದ ನಾನು ಅವರಿಗೆ ಡಾಕ್ಟರಬಾಯಿ. ಡಾಕ್ಟರೇಟ್ ಬರಲು ಇನ್ನೂ ನಾಲ್ಕು ವರ್ಷ ಇತ್ತು, ಆದರೂ ಆ ಪದವಿಯನ್ನು ಅವರು ಅವತ್ತೇ ಕೊಟ್ಟುಬಿಟ್ಟರು. ಅವರು ನನಗೆ ಕಾಕಾ ಆದರು.

ಅವರದು ಔರಾದದಿಂದಾಚೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಮನೆಯಲ್ಲಿ ತಲೆತಲಾಂತರದಿಂದ ಕುರಿ. ಅವರು ಮಾತ್ರ ಹರೆಯದಲ್ಲಿ ಬೀದರಕ್ಕೆ ಬಂದು ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಮಷೀನ್ ಮುಂದೆ ಹನ್ನೆರಡು ವರ್ಷ ನಿಂತಿದ್ದರು. ಅದು ಮುಚ್ಚಿದ ಮೇಲೆ ನಮ್ಮಲ್ಲಿ ಗುತ್ತಿಗೆಯ ಮೇಲೆ ಅಟೆಂಡರ್ ಆಗಿ ಸೇರಿದರು. ಲೇತಿನ ಮುಂದೆ ನಿಂತ ಮನುಷ್ಯ ಎಂದು ಅವರನ್ನು ನೋಡಿದರೆ ಅನ್ನಿಸುತ್ತಿರಲಿಲ್ಲ. ನೋಡುವ ರೀತಿಯಲ್ಲೆಲ್ಲ ಕುರಿ ಕಾಯುವವರ ಕಣ್ಣಿತ್ತು. ಪಂಜರಗಳ ಸಾಲಿನ ಮುಂದೆ ಬೆಳಿಗ್ಗೆ ಒಮ್ಮೆ ನಡೆದು ಹೋಗುವರು, ಒಂದು ಕಡೆ ನಿಲ್ಲುವರು. "ಈ ಹನ್ನೊಂದ ನಂಬರ ನಾಡಿದ್ದಿಗಿ ಕಾಲ ಬಾತ್ಕೋತದ ನೋಡ್ರಿ" ಎನ್ನುವರು. ನಾನು ಅಳೆದು ನೋಡಿದರೆ ಏನೂ ಇರುತ್ತಿರಲಿಲ್ಲ. ಎರಡು ದಿನ ಬಿಟ್ಟು ಅಳೆದರೆ ಊತ ಇರುತ್ತಿತ್ತು.

"ನಿಮಗ ಹ್ಯಾಂಗ ಗೊತ್ತಾಗ್ತದ ಕಾಕಾ?"

"ಕೂಡೂದು ನೋಡ್ರಿ. ಬ್ಯಾನಿ ಇದ್ದ ಜೀವ ಮೈ ಭಾರ ಕಳ್ಳತನದಿಂದ ಇಡ್ತದ. ಯಾರಿಗೂ ಕಾಣಬಾರದಂತ."

ಈ ಮಾತನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡು ಒದ್ದಾಡಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಇಷ್ಟವಾಗಿ ನಕ್ಕೆ.

ನಮ್ಮ ಪ್ರಯೋಗ ಏನೆಂದು ಸ್ವಲ್ಪ ಹೇಳಬೇಕು. ಪೆಟ್ರೋಲಿಯಂನಿಂದ ಬರುವ ಒಂದು ಶುದ್ಧವಾದ ಖನಿಜ ಎಣ್ಣೆ. ನೀರಿನಂತೆ ತಿಳಿ, ವಾಸನೆಯಿಲ್ಲ, ಅದರಲ್ಲಿ ರೋಗಾಣುವಿಲ್ಲ. ಅದನ್ನು ಒಂದು ವಿಶೇಷ ತಳಿಯ ಇಲಿಗೆ ಬಾಲದ ಬುಡದಲ್ಲಿ, ಚರ್ಮದೊಳಗೆ, ಒಂದೆರಡು ಹನಿ ಚುಚ್ಚುತ್ತಿದ್ದೆವು. ಸುಮಾರು ಎರಡು ವಾರ ಏನೂ ಆಗುವುದಿಲ್ಲ. ಇಲಿ ತಿನ್ನುತ್ತದೆ, ಆಡುತ್ತದೆ. ಆಮೇಲೆ ಒಂದು ಬೆಳಿಗ್ಗೆ ಅದರ ಪಾದದ ಕೀಲು ಕೆಂಪಾಗಿ ಊದಿಕೊಳ್ಳುತ್ತದೆ. ಎಣ್ಣೆ ಚುಚ್ಚಿದ್ದು ಬಾಲದಲ್ಲಿ, ಊದುವುದು ಕಾಲು. ಎಣ್ಣೆ ಕಾಲಿಗೆ ಹೋಗಿರುವುದಿಲ್ಲ. ಎಣ್ಣೆಯ ಕಿರಿಕಿರಿಗೆ ಎದ್ದ ಮೈಯ ರಕ್ಷಣೆಯ ಪಡೆ ತನ್ನದೇ ಕೀಲುಗಳ ಮೇಲೆ ಬಿದ್ದಿರುತ್ತದೆ. ಬೇರೆ ತಳಿಯ ಇಲಿಗೆ ಅದೇ ಎಣ್ಣೆ ಕೊಟ್ಟರೆ ಏನೂ ಆಗದೇ ಇರಬಹುದು. ಯಾಕೆ ಇದಕ್ಕಾಗುತ್ತದೆ, ಅದಕ್ಕಾಗುವುದಿಲ್ಲ ಎಂಬುದೇ ನನ್ನ ಸಂಶೋಧನೆ.

ಇದನ್ನು ಕಾಕಾನಿಗೆ ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ವಿವರಿಸಿದೆ. ಅವರು ಮೊದಲು ತಮಾಷೆ ಮಾಡಿದರು. "ಊರಾಗ ಕೀಲ ಹಿಡದ್ರ ಎಣ್ಣಿ ಹಚ್ಚತಾರರಿ. ನಿಮ್ಮಲ್ಲಿ ಎಣ್ಣಿ ಹಾಕಿ ಕೀಲ ಹಿಡಿಸ್ತೀರಿ. ಓದಿದವರ ಕೆಲಸನೇ ಉಲ್ಟಾ." ಆಮೇಲೆ, "ಅಂದ್ರ ಕುರಿ ಕಾಯೂ ನಾಯಿ ಇದ್ದಂಗ ಆತು. ಹೊರಗಿನವ ಯಾರೋ ಬಂದ, ನಾಯಿ ಎದ್ದು ಬೊಗಳ್ತು. ಅವ ಹೋಗವಲ್ಲ. ನಾಯಿ ಸಿಟ್ಟಿಗೆದ್ದು ತಿರಗಿ ನಮ್ಮ ಕುರಿಗೇ ಬಾಯಿ ಹಾಕ್ತು. ಹೌದಲ್ರೀ?" ಎಂದರು.

ಹೌದು. ಇಂದು ಕಾಲೇಜಿನಲ್ಲಿ ಪಾಠ ಮಾಡುವಾಗ ನಾನು ಈ ನಾಯಿಯನ್ನೇ ಹೇಳುತ್ತೇನೆ. ಯಾರು ಹೇಳಿದ್ದೆಂದು ಮಾತ್ರ ಹೇಳುವುದಿಲ್ಲ.

ಅದೇ ದಿನ ಅವರು ಇನ್ನೊಂದು ಮಾತು ಕೇಳಿದರು. ಗ್ಲಾಸು ಕೆಳಗಿಟ್ಟು, ಎತ್ತಲೋ ನೋಡುತ್ತಾ ಕೇಳಿದರು.

"ಮನಷ್ಯಾಗ ಹಿಂಗ ಆಗ್ತದೇನ್ರಿ, ಈ ಎಣ್ಣಿಲಿಂದ? ನಾ ಲೇತ್ ಮುಂದ ಹನ್ನೆರಡ ವರ್ಷ ಕಟಿಂಗ್ ಆಯಿಲ್‌ದಾಗ ಕೈ ಅದ್ದೀನಿ. ಅದೂ ಇಂಥದೇ ಎಣ್ಣಿ ಅಲ್ರೀ?"

"ಇಲ್ಲ ಬಿಡ್ರಿ ಕಾಕಾ, ಇದು ಈ ತಳಿ ಇಲಿಗಿ ಅಷ್ಟೇ," ಎಂದೆ.

ಈ ಸುಳ್ಳನ್ನು ಯಾಕೆ ಹೇಳಿದೆ? ಸುಳ್ಳು ಎಂದು ಕೂಡ ಆಗ ಅನ್ನಿಸಲಿಲ್ಲ. ಊಟದ ಹೊತ್ತಾಗಿತ್ತು, ಮಾತು ಮುಗಿಯಲಿ ಎಂದಿತ್ತು ಮನಸ್ಸು. ನನ್ನ ಸಂಶೋಧನೆಯ ಪ್ರಸ್ತಾವದ ಮೊದಲನೆಯ ಪುಟದಲ್ಲೇ, ಕಾರ್ಖಾನೆಗಳಲ್ಲಿ ಇಂಥ ಎಣ್ಣೆಗಳೊಂದಿಗೆ ಕೆಲಸ ಮಾಡುವವರಿಗೆ ಸಂಧಿವಾತದ ಅಪಾಯ ಹೆಚ್ಚಿರಬಹುದೇ ಎಂಬ ಪ್ರಶ್ನೆ ಇರುವುದರಿಂದ ಈ ಸಂಶೋಧನೆಗೆ ಮಹತ್ವವಿದೆ ಎಂದು ನಾನೇ ಬರೆದಿದ್ದೆ. ಅಂಥ ಒಬ್ಬ ಕೆಲಸಗಾರ ಎದುರಿಗೆ ಕುಳಿತು ಅದೇ ಪ್ರಶ್ನೆ ಕೇಳಿದಾಗ ನನಗೆ ಪುಟದ ಮೇಲಿನ ಕೆಲಸಗಾರ, ಎದುರಿಗಿದ್ದ ಕಾಕಾ ಇಬ್ಬರೂ ಒಬ್ಬರೇ ಎಂದು ಹೊಳೆಯಲಿಲ್ಲ. ಓದಿದವರ ಕೆಲಸ ಉಲ್ಟಾ ಎಂದು ಅವರು ಸುಮ್ಮನೆ ಹೇಳಿರಲಿಲ್ಲ.

ಈಗ ಪರದೆಯ ವಿಷಯ. ಊತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಸ್ಕೋರ್ ಹಾಕಬೇಕು. ಸೊನ್ನೆ ಎಂದರೆ ಏನೂ ಇಲ್ಲ. ಒಂದು, ಎರಡು ಎಂದರೆ ಇದೆ, ತಡೆಯಬಹುದು. ನಾಲ್ಕು ಎಂದರೆ ಪಾದವೇ ಕೆಲಸಕ್ಕೆ ಬಾರದು. ಅಂಥ ಇಲಿಯನ್ನು ನರಳಲು ಬಿಡಬಾರದು, ನೋವಾಗದಂತೆ ಮುಗಿಸಬೇಕು ಎಂಬುದು ನಿಯಮ. ಸ್ಕೋರ್ ಹಾಕುವವರಿಗೆ ಯಾವ ಇಲಿಗೆ ಎಣ್ಣೆ ಕೊಟ್ಟಿದೆ, ಯಾವುದಕ್ಕೆ ಬರೀ ಉಪ್ಪುನೀರು ಎಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಮೋಸ ಮಾಡುತ್ತದೆ. ಅದಕ್ಕೆ ನಮ್ಮ ಗೈಡ್ ಮೇಜಿನ ನಡುವೆ ಒಂದು ಹಸಿರು ಬಟ್ಟೆಯ ಪರದೆ ಕಟ್ಟಿಸಿದ್ದರು. ಪರದೆಯಲ್ಲಿ ಒಂದು ಸೀಳು. ಆಚೆ ಕಾಕಾ, ಈಚೆ ನಾನು. ಗೈಡ್ ಬರೆದುಕೊಟ್ಟ ಅನುಕ್ರಮದಲ್ಲಿ ಅವರು ಇಲಿ ತೆಗೆದು, ಅದರ ಹಿಂಗಾಲನ್ನು ಮಾತ್ರ ಸೀಳಿನಿಂದ ಈಚೆಗೆ ಚಾಚುವರು. ನಾನು ನೋಡಿ, ಸ್ಕೋರ್ ಗಟ್ಟಿಯಾಗಿ ಹೇಳಿ, ಹಾಳೆಯಲ್ಲಿ ಬರೆದುಕೊಂಡು, ಫೋಟೊ ತೆಗೆದು, "ಮುಂದ" ಎನ್ನುವೆ. ಇಪ್ಪತ್ತನಾಲ್ಕು ಇಲಿ. ವಾರಕ್ಕೆ ಮೂರು ದಿನ.

ಮೋಸ ಹೋಗದ ಕಣ್ಣು ಬೇಕೆಂದು ಕಟ್ಟಿಸಿದ ಪರದೆ ಅದು. ವಾರಕ್ಕೆ ಮೂರು ದಿನ ಎರಡು ಬೆರಳುಗಳು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಇರುತ್ತಿದ್ದವು. ಬೆಳಕು ಚೆನ್ನಾಗಿತ್ತು. ಕೀಲಿನ ಊತವನ್ನು ಕೂದಲೆಳೆಯಷ್ಟು ತಪ್ಪದೆ ಗುರುತಿಸಲು ನನಗೆ ತರಬೇತಿ ಕೊಟ್ಟಿದ್ದರು. ನಾನು ಇಲಿಯ ಕಾಲನ್ನೇ ನೋಡಿದೆ.

ಬೇರೆ ಸೂಚನೆಗಳೂ ಇದ್ದವು. ಆ ಚಳಿಗಾಲದಲ್ಲಿ ಕಾಕಾ ಬೆಳಿಗ್ಗೆ ಬಂದವರೇ ಸಿಂಕಿನ ಮುಂದೆ ನಿಂತು ಬಿಸಿನೀರಿನಲ್ಲಿ ಅರ್ಧ ಗಂಟೆ ಕೈ ತೊಳೆಯುತ್ತಿದ್ದರು. ಎಷ್ಟು ಶುಚಿಯ ಮನುಷ್ಯ ಎಂದು ನಾನು ಗೈಡ್ ಮುಂದೆ ಹೊಗಳಿದೆ. ಗೈಡ್ ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ "ಅವರನ್ನು ನೋಡಿ ಕಲಿಯಿರಿ" ಎಂದರು. ಕಾಕಾ ತಲೆ ತಗ್ಗಿಸಿ ನಕ್ಕಿದ್ದರು. ಚಹಾದ ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿಯತೊಡಗಿದ್ದರು. ಚಳಿಗೆ ಎಂದುಕೊಂಡೆ. ಕೋಟಿನ ಗುಂಡಿ ಹಾಕುವುದನ್ನು ಬಿಟ್ಟಿದ್ದರು. ಅದಕ್ಕೆ ನಾನೇ ಒಂದು ದಿನ, "ಏನ್ ಕಾಕಾ, ಹೀರೋ ಆಗಿಬಿಟ್ರಿ" ಎಂದು ಕೀಟಲೆ ಮಾಡಿದೆ.

ಆಮೇಲೆ ಆ ದಿನ. ಇಪ್ಪತ್ತನಾಲ್ಕು ಇಲಿ ಮುಗಿದಿದ್ದವು. ನಾನು ಅಭ್ಯಾಸದಿಂದ "ಮುಂದ" ಎಂದೆ. ಸೀಳಿನಿಂದ ಒಂದು ಕೈ ಬಂತು. ಇಲಿಯಿಲ್ಲ, ಬರೀ ಕೈ. ಬೆರಳು ಅಗಲಿಸಿ, ಬೆನ್ನು ಮೇಲೆ ಮಾಡಿ ನನ್ನ ಮುಂದೆ ಇಟ್ಟರು.

"ಇದಕ್ಕ ಎಷ್ಟ ಹಾಕ್ತೀರಿ, ಡಾಕ್ಟರಬಾಯಿ?"

ನಾನು ಜೋರಾಗಿ ನಕ್ಕೆ. ನಗುತ್ತಲೇ ಗೈಡ್ ಧ್ವನಿಯನ್ನು ಅಣಕಿಸುತ್ತಾ "ಎರಡು" ಎಂದೆ. ಹೇಳಿದ್ದನ್ನು ಬರೆಯುವ ಅಭ್ಯಾಸ ಕೈಗೆ. ಇಪ್ಪತ್ತೈದನೇ ಸಾಲಿನಲ್ಲಿ ಎರಡು ಎಂದು ಬರೆದೂ ಬಿಟ್ಟೆ.

ಪರದೆಯ ಆಚೆಯಿಂದ, "ಎರಡ ಅಂದ್ರ ಇನ್ನಾ ಇರಬಹುದು ಬಿಡ್ರಿ," ಎಂದರು. ಕೈ ಹಿಂದಕ್ಕೆ ಹೋಯಿತು.

ನಾಲ್ಕಾದರೆ ಮುಗಿಸುವ ನಿಯಮದ ಮೇಲೆ ಅವರು ಹಾಸ್ಯ ಮಾಡಿದರೆಂದು ನಾನು ಮತ್ತೆ ನಕ್ಕೆ.

ಏಳೆಂಟು ತಿಂಗಳ ನಂತರ ಕಾಕಾ ಕೆಲಸ ಬಿಟ್ಟರು. "ಊರಾಗ ಕುರಿ ನೋಡಾವ್ರಿಲ್ರಿ" ಎಂದರು. ನಾವು ಒಂದು ಶಾಲು ಹೊದಿಸಿದೆವು. ಶಾಲಿನ ಅಂಚು ಹಿಡಿದುಕೊಳ್ಳಲು ಅವರು ತಡವರಿಸಿದರು, ಅದು ಜಾರಿ ಬಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮುಂದಿನ ವರ್ಷ ಬೀದರದ ಒಂದು ಕಾಲೇಜಿನಲ್ಲಿ ನನ್ನ ಸಂಶೋಧನೆಯ ಬಗ್ಗೆ ಮಾತಾಡಲು ಕರೆದರು. ಇಲಿಯ ಪಾದದ ಫೋಟೊಗಳನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸಿದೆ. ಭಾಷಣ ಚೆನ್ನಾಗಿ ಆಯಿತು. ಸಭೆಯಲ್ಲಿ ಭಾಲ್ಕಿಯಿಂದ ಬಂದಿದ್ದ ಕೀಲುರೋಗಗಳ ವೈದ್ಯರೊಬ್ಬರಿದ್ದರು. ವಯಸ್ಸಾದವರು. ಮುಗಿದ ಮೇಲೆ ಹತ್ತಿರ ಬಂದು, "ಆ ಕೊನೇ ಫೋಟೊ ಇನ್ನೊಮ್ಮೆ ತೋರಸ್ರಿ" ಎಂದರು. ತೋರಿಸಿದೆ. ಸ್ಕೋರ್ ಮೂರರ ಪಾದ, ನನ್ನ ಹೆಮ್ಮೆಯ ಫೋಟೊ. ಯಾವುದಾದರೂ ಕಷ್ಟದ ಪ್ರಶ್ನೆ ಬರುತ್ತದೆಂದು ಸಿದ್ಧಳಾಗಿದ್ದೆ.

"ಇಲಿದು ತಿಳೀತು," ಎಂದರು. "ಈ ಕೈ ಯಾರದು?"

"ನಮ್ಮ ಅಟೆಂಡರದು ಸರ್."

"ಅವ್ರು ಏನ್ ಔಷಧ ತೊಗೋತಾರ?"

"ಔಷಧ? ಯಾತಕ್ಕ ಸರ್?"

ಅವರು ತಮ್ಮ ಬೆರಳನ್ನು ಗೋಡೆಯ ಮೇಲಿನ ಆ ದೊಡ್ಡ ತೋರುಬೆರಳಿನ ನಡುಗೀಲಿನ ಮೇಲೆ ಇಟ್ಟರು. ಅದು ಇಲಿಯ ಪಾದದ ಹಾಗೇ ಊದಿ, ಅದರ ಹಾಗೇ ಹೊಳೆಯುತ್ತಿತ್ತು. ಹೆಬ್ಬೆರಳಿನ ಬುಡ ಒಂದು ಬದಿಗೆ ಜರುಗಿತ್ತು. ನೂರು ಜನರ ಮುಂದೆ ಗೋಡೆಯಷ್ಟು ದೊಡ್ಡದಾಗಿ ತೋರಿಸಿದ್ದೆ. ಪಕ್ಕದಲ್ಲಿ ಬಾಣದ ಗುರುತು ಹಾಕಿ ಇಲಿಯ ಕಾಲನ್ನು ತೋರಿಸಿದ್ದೆ.

ಆ ಕ್ಷಣದ ಆಘಾತ ಇಂದಿಗೂ ಇಳಿದಿಲ್ಲ, ಇಳಿಯಬೇಕೆಂದು ನನಗೆ ಆಸೆಯೂ ಇಲ್ಲ.

ಮರುದಿನವೇ ಔರಾದದ ಬಸ್ಸು ಹತ್ತಿದೆ. ಹಳ್ಳಿಯಲ್ಲಿ ಕುರಿ ದೊಡ್ಡಿಯ ಹತ್ತಿರ ಕಾಕಾ ಕಂಬಳಿ ಹೊದ್ದು ಬಿಸಿಲಿಗೆ ಕುಳಿತಿದ್ದರು. ನನ್ನನ್ನು ನೋಡಿ ಏಳಲು ಹೋದರು, ಕೈ ಊರಲು ಆಗಲಿಲ್ಲ, ಮೊಣಕೈ ಊರಿ ಎದ್ದರು. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು.

ನಾನು ಅಳುತ್ತಾ ನಿಂತೆ. ಅವರ ಮಗಳು ಚಹಾ ತಂದಳು. ಅವರು ಎರಡು ಅಂಗೈಯಿಂದ ಗ್ಲಾಸು ಎತ್ತಿದರು.

"ಅಳಬ್ಯಾಡ್ರಿ ಡಾಕ್ಟರಬಾಯಿ. ನೋಡ್ರಿ, ಈಗೆಷ್ಟ ಹಾಕ್ತೀರಿ?" ಎಂದು ಗ್ಲಾಸು ಇಟ್ಟು ಕೈ ಮುಂದೆ ಮಾಡಿದರು. ಅವರೇ ಹೇಳಿದರು, "ನಾಕ ಹಾಕ್ರಿ. ನಾಕರ ಮ್ಯಾಲ ನಿಮ್ಮ ಹಾಳ್ಯಾಗ ಇಲ್ಲ."

"ಯಾಕ ಹೇಳಲಿಲ್ಲ ಕಾಕಾ? ಆವಾಗನೇ ಯಾಕ ಹೇಳಲಿಲ್ಲ?"

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ತೋರಿಸಿದ್ನಲ್ರೀ. ನೀವು ನೋಡಿ ಎರಡಂದ್ರಿ. ಬರಕೊಂಡ್ರಿ. ಎರಡ ಇದ್ದ ಇಲಿಗಿ ನಾವು ಏನೂ ಮಾಡತಿದ್ದಿಲ್ಲ. ಅವು ತಿರಗಾಡಕೋತ ಇರತಿದ್ವು. ಒಂದೊಂದು ಕಮ್ಮೀನೂ ಆಗತಿದ್ವು. ಹಂಗಾರ ನಂದೂ ದೊಡ್ಡದಲ್ಲ ಅಂತ ಸುಮ್ಮಕಿದ್ದೆ. ನಿಮ್ಮ ಸ್ಕೋರ ಎಂದೂ ತಪ್ಪಿದ್ದಿಲ್ಲಲ್ರೀ."

"ಅದು ಚಾಷ್ಟಿ ಅಂತ ತಿಳದಿದ್ದೆ ಕಾಕಾ, ನಾನು..."

"ಚಾಷ್ಟಿ ಅಂತನೇ ಕೇಳಿದ್ದರಿ. ಬಿಮಾರ ಅದೀನಿ ಅಂತ ಕೇಳಿದ್ರ ನೌಕರಿ ಉಳೀತಿತ್ತೇನು? ಕೈಯಿಲ್ಲದವನ ಕೈಯಾಗ ಇಲಿ ಯಾರ ಕೊಡ್ತಾರ?"

ದವಾಖಾನೆಗೆ ಹೋಗದೆ, ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗಿ, ನಾನು ಹೇಳಿದ ಎರಡನ್ನು ನಂಬಿಕೊಂಡು ಆ ಮನುಷ್ಯ ತಿಂಗಳುಗಟ್ಟಲೆ ನನಗಾಗಿ ಇಲಿ ಹಿಡಿದಿದ್ದರು. ಒಂದೊಂದು ಇಲಿ ಹಿಡಿಯುವಾಗಲೂ ಎಷ್ಟು ನೋವಾಗಿರಬೇಕು. ಪರದೆಯ ಆಚೆ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ.

ಎರಡು ದಿನ ಬಿಟ್ಟು ಅವರನ್ನು ಭಾಲ್ಕಿಯ ಆ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಮಗಳೂ ಬಂದಳು. ವೈದ್ಯರು ಒಂದೊಂದೇ ಕೀಲು ಒತ್ತಿ ನೋಡಿದರು, ರಕ್ತ ತೆಗೆಸಿದರು. ಸಂಧಿವಾತ. ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದರು. ಊತ ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ, ಆದರೆ ವಾಲಿದ ಬೆರಳು ನೆಟ್ಟಗಾಗುವುದಿಲ್ಲ ಎಂದರು. "ಶುರುವಿನಾಗ ಬಂದಿದ್ರ ಬೆರಳು ಉಳೀತಿದ್ವು," ಎಂದು ಮೆಲ್ಲಗೆ ನನಗೆ ಹೇಳಿದರು.

ಎಣ್ಣೆಯಿಂದಲೇ ಬಂತೇ ಎಂದು ನಾನು ಕೇಳಿದೆ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ, ಬೀಡಿ ಇರಬಹುದು, ಮನೆತನದ ಗುಣ ಇರಬಹುದು, ಎಣ್ಣೆಯೂ ಇರಬಹುದು ಎಂದರು ವೈದ್ಯರು. ಅದು ಸರಿಯಾದ ಮಾತು. ಕಾಕಾ ಮಾತ್ರ ನಕ್ಕರು. "ಇಲಿಗಿ ಬಂದ್ರ ಎಣ್ಣಿ, ನನಗ ಬಂದ್ರ ನಸೀಬ."

ವೈದ್ಯರು ಚೀಟಿ ಬರೆಯುತ್ತಾ ಕೇಳಿದರು, "ಯಾವಾಗ ಶುರು ಆತು? ಜರಾ ನೆನಪ ಮಾಡ್ಕೊಂಡು ಹೇಳ್ರಿ."

ಕಾಕಾ ನನ್ನ ಕಡೆ ಕೈ ಮಾಡಿದರು. "ಅವ್ರ ಹತ್ರ ಅದರಿ. ತಾರೀಖ ಸಹಿತ ಬರದಾರ."

ಬೀದರಕ್ಕೆ ಬಂದು ಪ್ರಯೋಗಾಲಯದ ಕಪಾಟಿನಿಂದ ಆ ವರ್ಷದ ಫೈಲು ತೆಗೆಸಿದೆ. ಪ್ರಯೋಗದ ಹಾಳೆಯಲ್ಲಿ ತಪ್ಪಾದರೆ ಅಳಿಸಬಾರದು, ಬಿಳಿ ಬಣ್ಣ ಬಳಿಯಬಾರದು. ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದುವಂತಿರಬೇಕು, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕು. ಎಲ್ಲ ವಿದ್ಯಾರ್ಥಿಗಳಿಗೂ ಮೊದಲ ದಿನ ಕಲಿಸುವ ಶಿಸ್ತು. ಹಾಳೆ ಸಿಕ್ಕಿತು. ಇಪ್ಪತ್ತನಾಲ್ಕು ಇಲಿಗಳ ಕೆಳಗೆ ಇಪ್ಪತ್ತೈದನೇ ಸಾಲು. ಎರಡು. ಅದರ ಮೇಲೆ ಸ್ಕೇಲು ಇಟ್ಟು ಎಳೆದ ಒಂದು ನೆಟ್ಟನೆಯ ಗೆರೆ. ಇಲಿ ಇಪ್ಪತ್ತನಾಲ್ಕು, ಅಂಕ ಇಪ್ಪತ್ತೈದು ಯಾಕೆ ಎಂದು ಗೈಡ್ ಕೇಳಿದ್ದು, ನಾನು ಹಲ್ಲುಕಿರಿದದ್ದು ಆಗ ನೆನಪಾಯಿತು. ಪಕ್ಕದಲ್ಲಿ ನನ್ನದೇ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ತಪ್ಪು ನಮೂದು. ಕೆಳಗೆ ನನ್ನ ಸಹಿ.

ಆ ಎರಡು ವರ್ಷಗಳಲ್ಲಿ ನಾನು ಹಾಕಿದ ಸಾವಿರಾರು ಅಂಕಗಳಲ್ಲಿ ಒಬ್ಬ ಮನುಷ್ಯನಿಗೆ ಉಪಯೋಗಕ್ಕೆ ಬರಬಹುದಾಗಿದ್ದ ಅಂಕ ಅದೊಂದೇ. ಸರಿಯಾಗಿಯೇ ಹಾಕಿದ್ದೆ. ಅದನ್ನೇ ತಪ್ಪು ಎಂದು ಹೊಡೆದುಹಾಕಿದ್ದೆ. ಆ ತಾರೀಖನ್ನು ಫೋನಿನಲ್ಲಿ ವೈದ್ಯರಿಗೆ ಹೇಳಿದೆ. ಅವರು ಬರೆದುಕೊಂಡರು.

ಗುಳಿಗೆ ಹಿಡಿಯಿತು. ಕಾಕಾ ಮೂರು ವರ್ಷ ಕುರಿಗಳ ನಡುವೆ ಇದ್ದರು. ಭಾಲ್ಕಿಗೆ ಬಂದಾಗಲೆಲ್ಲ ನನಗೆ ಫೋನ್ ಮಾಡಿಸುವರು. "ಮೂರಕ್ಕ ಇಳಿದದರಿ," "ಈ ಸಲ ಎರಡ ಅನ್ಕೋರಿ, ಆದ್ರ ನಿಮ್ಮಂಗ ನಕ್ಕೊಂತ ಹಾಕಿಲ್ಲ" ಎಂದು ಚುಚ್ಚುವರು, ಚುಚ್ಚಿ ತಾವೇ ನಗುವರು. ಅವರು ಕ್ಷಮಿಸಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಅಂಕ ಹೇಳುತ್ತಿದ್ದರು.

ಹೋದ ತಿಂಗಳು ಫೋಟೊ ಹುಡುಕುವಾಗ ನಾನು ತಾರೀಖಿನ ಪ್ರಕಾರ ಎಲ್ಲವನ್ನೂ ಜೋಡಿಸಿದೆ. ಈ ಸಲ ಇಲಿಯ ಕಾಲನ್ನು ನನ್ನ ಹೆಬ್ಬೆರಳಿನಿಂದ ಮುಚ್ಚಿಕೊಂಡು ಅವರ ಬೆರಳನ್ನು ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ನಾಲ್ಕನೇ ತಿಂಗಳಿಗೆ ಒಂದು. ಆ ಚಳಿಗಾಲಕ್ಕೆ ಎರಡು. ಆಮೇಲೆ ಮೂರು. ಕಷ್ಟವೇ ಆಗಲಿಲ್ಲ. ಯಾರು ಬೇಕಾದರೂ ಹಾಕಬಹುದಿತ್ತು.

ಮುಖ ಸಿಗಲಿಲ್ಲ. ಮೊದಲ ವಾರದ ಒಂದು ಫೋಟೊ ಮಗಳಿಗೆ ಕಳಿಸಿ ಕ್ಷಮೆ ಕೇಳಿದೆ. ಎರಡು ನೆಟ್ಟನೆಯ ಬೆರಳು, ಊತವಿಲ್ಲದ ಒಂದು ಪುಟ್ಟ ಕಾಲು, ಹಿಂದೆ ಬಿಳಿ ಕೋಟಿನ ತೋಳು ಒಂದಂಗುಲ. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು.

"ಇದು ಅಪ್ಪನ ಕೈನೇ ಅದರಿ ಮೇಡಂ. ಕೋಟೂ ಕಾಣ್ತದ. ಇದೇ ಸಾಕು." ಆಮೇಲೆ ಕೇಳಿದಳು, "ಈ ಇಲಿಗಿ ಎಷ್ಟ ಹಾಕಿದ್ರಿ?"

"ಸೊನ್ನಿ."

"ಅಪ್ಪನ ಕೈಗಿ?"

"ಅದಕ್ಕೂ ಸೊನ್ನಿ," ಎಂದೆ.

"ಹಂಗಾದ್ರ ಒಂದ ದೊಡ್ಡ ಪ್ರಿಂಟ್ ತೆಗಿಸಿ, ಅದನ್ನ ಹಿಂದ ಬರದ ಕಳಸ್ರಿ. ನೀವು ಬರದದ್ದು ಖರೇನೇ ಇರ್ತದಂತ ಅಪ್ಪ ಕೊನೀತನಕ ಅಂತಿದ್ರು."

ಮರುದಿನ ಪ್ರಿಂಟ್ ತೆಗೆಸಿದೆ. ಹಿಂಬದಿಯಲ್ಲಿ ತಾರೀಖು ಬರೆದೆ, ಸೊನ್ನೆ ಬರೆದೆ, ಸಹಿ ಮಾಡಿದೆ. ಸಹಿಯ ಮೇಲೆ ಅವರ ಪೂರ್ತಿ ಹೆಸರು ಬರೆದೆ.